ಅತ್ತೆಮನೆಯ ಬೋಟಿ

11 ನವೆಂಬರ್ 2023, ಶನಿವಾರ

ಸಂಜೆ ತಾಳವಾಡಿಗೆ ಬಂದಿಳಿದೆವು. ಚಾಮರಾಜನಗರ ದಾಟಿ ಸ್ವಲ್ಪ ಹೊತ್ತಿಗೆ ಅಂಗಡಿ ಬೋರ್ಡುಗಳು ತಮಿಳಾದವು, ಅಂಗಡಿಯೊಳಗಿನ ಮಾತು ಕನ್ನಡವೇ. ಹೋದ ವರ್ಷದ ದೀಪಾವಳಿ ಕಾಪುವಿನಲ್ಲಿ, ನಮ್ಮ ಮನೆಯಲ್ಲಾಗಿತ್ತು. ಈ ವರ್ಷ ಇವನ, ಅಂದರೆ ನನ್ನ ಗಂಡನ, ಮನೆ.

ಮಾವ 1951ರವರು. ಅವರು ಹುಟ್ಟಿದಾಗ ಇದು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆ. 1956ರಲ್ಲಿ ಪಕ್ಕದ ಕೊಳ್ಳೇಗಾಲ ಮೈಸೂರಿಗೆ ಸೇರಿತು, ತಾಳವಾಡಿ ಸೇರಲಿಲ್ಲ. 1979ರಲ್ಲಿ ಪೆರಿಯಾರ್ ಜಿಲ್ಲೆಯಾಯಿತು, ಆಮೇಲೆ ಅದೇ ಈರೋಡಾಯಿತು. 2016ರಲ್ಲಿ ತಾಳವಾಡಿಯೇ ತಾಲ್ಲೂಕು. ಇಷ್ಟೆಲ್ಲ ಆಗುವಾಗ ಮಾವ ಅದೇ ಹೊಲದಲ್ಲಿ ರಾಗಿ, ಕೋಸು, ಬೆಳ್ಳುಳ್ಳಿ ಬೆಳೆಯುತ್ತಿದ್ದರು. ಅತ್ತೆ ಘಾಟಿಯ ಕೆಳಗಿನ ಸತ್ಯಮಂಗಲದ ಕಡೆಯವರು, ಕೊಂಗುನಾಡಿನ ತಮಿಳರು. ಹೀಗಾಗಿ ಈ ಮನೆಯಲ್ಲಿ ಮಾವನಿಗೆ ನಾನು ‘ಕೂಸು’, ಅತ್ತೆಗೆ ‘ಕಣ್ಣು’. ಎರಡೂ ಕೇಳಲಿಕ್ಕೆ ಚಂದವೇ. ಆದರೆ ಎರಡರ ಹಿಂದೆಯೂ ತಟ್ಟೆ ಬರುತ್ತದೆ.

ಕೈಕಾಲು ತೊಳೆದು ಕೂತಿದ್ದೆ, ಅತ್ತೆ ಕಸಾಯಿ ಅಂಗಡಿಯವನ ಹತ್ತಿರ ಫೋನಿನಲ್ಲಿ ಜಗಳವಾಡುತ್ತಿದ್ದರು. ಆಡಿನ ತಲೆಯನ್ನು ಬೇರೆಯವರಿಗೆ ಕೊಡುವುದಾಗಿ ಹೇಳಿಬಿಟ್ಟಿದ್ದಾನಂತೆ. “ಒಂದ್ ಆಡ್ಗೆ ಒಂದೇ ತಲೆ ಅಂತ ನಂಗೂ ಗೊತ್ತು. ಅದ್ಕೇ ಗುರುವಾರವೇ ಹೇಳಿದ್ದು” ಎಂದು ಗದರಿದರು. ಕೊನೆಗೆ ತಲೆ ಹೋಯಿತು, ಬೋಟಿ, ಅಂದರೆ ಹೊಟ್ಟೆ ಕರುಳು, ಮತ್ತು ರಕ್ತ ಉಳಿದವು. ಮಾಂಸ ಯಾವಾಗ ಹೋದರೂ ಸಿಗುತ್ತದೆ, ಒಳಗಿನದಕ್ಕೆ ಮಾತ್ರ ಮೊದಲೇ ಹೇಳಿಡಬೇಕು. ನಮ್ಮೂರಿನಲ್ಲಿ ದೊಡ್ಡ ಅಂಜಲ್ ಮೀನಿಗೂ ಹೀಗೇ ಪೈಪೋಟಿ. ಆದರೆ ನಾವು ಜಗಳವಾಡುವುದು ನಡುಭಾಗಕ್ಕೆ.

12 ನವೆಂಬರ್, ಭಾನುವಾರ. ದೀಪಾವಳಿ

ಬೆಳಗಿನ ಜಾವ ಎಣ್ಣೆ ಸ್ನಾನಕ್ಕೆ ಎಬ್ಬಿಸಿದರು. ಆ ಹೊತ್ತಿಗಾಗಲೇ ಅತ್ತೆ ಎರಡು ಪಾತ್ರೆ ಹಿಡಿದು ಹೋಗಿ ಬಂದಾಗಿತ್ತು. ರಕ್ತದ ಪಾತ್ರೆಗೆ ಸ್ವಲ್ಪ ನೀರು, ಒಂದು ಹಿಡಿ ಉಪ್ಪು ಮೊದಲೇ ಹಾಕಿಕೊಂಡು ಹೋಗುತ್ತಾರೆ. ಮನೆಗೆ ಬರುವಷ್ಟರಲ್ಲಿ ಅದು ಗಟ್ಟಿಯಾಗಿರುತ್ತದೆ.

ನಮ್ಮ ಕಡೆ ದೀಪಾವಳಿಯೆಂದರೆ ಸಿಹಿ ಅವಲಕ್ಕಿ, ಗೋಪೂಜೆ, ಗದ್ದೆಯಲ್ಲಿ ನಿಂತು ಬಲೀಂದ್ರನನ್ನು ಕೂಗಿ ಕರೆಯುವುದು. ಹಬ್ಬದ ದಿನ ಬೆಳಿಗ್ಗೆ ಏಳಕ್ಕೆ ಇಡ್ಲಿಯ ಜೊತೆ ಮಾಂಸ ಎಂದರೆ ಅಮ್ಮ ಎದೆ ಹಿಡಿದುಕೊಂಡಾಳು. ಇಲ್ಲಿ ಅದೇ ಹಬ್ಬ. ಹೊಸ ಬಟ್ಟೆ, ಪಟಾಕಿ, ಇಡ್ಲಿ, ಕುಡಲ್ ಕೊಳಂಬು ಎಂಬ ಬೋಟಿ ಸಾರು, ರತ್ತ ಪೊರಿಯಲ್ ಎಂಬ ರಕ್ತದ ಪಲ್ಯ.

ಎಲೆ ಹಾಕಿದರು. ಅತ್ತೆ ಏನನ್ನೂ ಮುಚ್ಚಿಡುವವರಲ್ಲ. “ಇದು ರಕ್ತ, ಇದು ಬೋಟಿ, ಇದು ಲಿವರ್. ಯಾವ್ದು ಬೇಕೋ ಅದ ತಿನ್ನು ಕಣ್ಣು, ಬ್ಯಾಡ್ದ್ದು ಎಲೆ ತುದೀಗ್ ತಳ್ಳು” ಎಂದರು. ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಮದುವೆಯಾದ ಹೊಸದರಲ್ಲಿ ಇವನ ಚಿಕ್ಕಮ್ಮನೊಬ್ಬರು ‘ಮೊದಲು ತಿನ್ನು, ಆಮೇಲೆ ಹೇಳ್ತೀನಿ’ ಎಂದು ಆಟವಾಡಿಸಿದ್ದು ನನಗೆ ಇವತ್ತಿಗೂ ಸಿಟ್ಟು. ತಿನ್ನುವವರಿಗೆ ಏನು ತಿನ್ನುತ್ತಿದ್ದೇವೆಂದು ತಿಳಿದಿರಬೇಕು. ಅದು ತಮಾಷೆಯ ವಿಷಯವಲ್ಲ.

ಲಿವರ್ ಹೊಸದಲ್ಲ. ಕೋಳಿಯ ಲಿವರ್ ನಮ್ಮಲ್ಲೂ ಮಕ್ಕಳ ಪಾಲು. ರಕ್ತ ಕಾಫಿ ಬಣ್ಣದ ಪುಡಿಯಾಗಿತ್ತು. ಗಟ್ಟಿಯಾದದ್ದನ್ನು ಕತ್ತರಿಸಿ, ಬೇಯಿಸಿ, ಕೈಯಲ್ಲಿ ಉದುರಿಸಿ, ಚಿಕ್ಕ ಈರುಳ್ಳಿ, ಹಸಿಮೆಣಸು, ಕರಿಬೇವಿನ ಒಗ್ಗರಣೆಗೆ ಹಾಕಿ ಮೇಲೆ ಕಾಯಿತುರಿ ಉದುರಿಸುತ್ತಾರೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಹೆದರಿದ್ದ ಕಬ್ಬಿಣದ ವಾಸನೆ ಇರಲಿಲ್ಲ, ಈರುಳ್ಳಿಯೇ ಮುಂದಿತ್ತು. ಸ್ವಲ್ಪ ಒಣಕಲು, ಗಂಟಲಿಗೆ ಸಾರು ಬೇಕು ಅನ್ನಿಸಿತು. ತಿಂದೆ.

ಬೋಟಿಯೇ ಕಷ್ಟವಾದದ್ದು. ರುಚಿಯಿಂದಲ್ಲ, ನೋಟದಿಂದ. ಒಂದು ತುಂಡಿನ ಮೈತುಂಬ ಟರ್ಕಿ ಟವೆಲಿನ ಹಾಗೆ ಎಳೆ ಎದ್ದಿತ್ತು. ಇನ್ನೊಂದು ಸಣ್ಣ ಕೊಳವೆ. ಕೊಳವೆಯೊಳಗೆ ಮಸಾಲೆ ಹೊಕ್ಕಿತ್ತು. ಹಲ್ಲಿಗೆ ಸಿಕ್ಕಾಗ ಮೊದಲು ಜಾರಿತು, ಆಮೇಲೆ ಅಗಿಯಲು ಬಂತು. ಸಾರು ಮಾತ್ರ ಎಷ್ಟು ಚೆನ್ನಾಗಿತ್ತೆಂದರೆ ಇಡ್ಲಿ ಮತ್ತೆ ಹಾಕಿಸಿಕೊಂಡೆ. ಕೊಳವೆಗಳನ್ನು ಎಲೆಯ ತುದಿಗೆ ತಳ್ಳಿದೆ. ಅತ್ತೆ ನೋಡಿದರು, ಏನೂ ಅನ್ನಲಿಲ್ಲ. ಮಾವ ಅಂದರು: “ಬುಡು, ಕರುಳು ಆಮ್ಯಾಲ್ ರೂಢಿ ಆಯ್ತದ.”

13 ನವೆಂಬರ್, ಸೋಮವಾರ

ಇವತ್ತು ಮನೆಯಲ್ಲಿ ಮಾಂಸದ ಮಾತಿಲ್ಲ. ಸೋಮವಾರ ಮಾದಪ್ಪನ ವಾರ. ನಿನ್ನೆಯ ಸಾರು ಉಳಿದಿದ್ದರೂ ಮಾವ ಅಡುಗೆಮನೆಯ ಕಡೆ ತಿರುಗುವುದಿಲ್ಲ. ಮಾದಪ್ಪನಿರುವ ಮಲೆ ಮಹದೇಶ್ವರ ಬೆಟ್ಟದಲ್ಲಿ ದೀಪಾವಳಿ ಜಾತ್ರೆ ನಡೆಯುತ್ತಿದೆ. ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಹಾಲರವಿಯ ಕೊಡ ಹೊತ್ತು ಬರುವುದನ್ನು ಮಾವ ಕಣ್ಣಿಗೆ ಕಟ್ಟುವಂತೆ ಹೇಳಿದರು. ಪ್ರಾಯದಲ್ಲಿ ಅಲ್ಲಿಗೆ ಕಾಡುದಾರಿಯಲ್ಲಿ ನಡೆದೇ ಹೋಗುತ್ತಿದ್ದರಂತೆ.

ಅಮ್ಮ ಫೋನ್ ಮಾಡಿದಳು. ಹಬ್ಬಕ್ಕೆ ಏನು ಮಾಡಿದ್ದರು ಎಂದಳು. ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಹೊಟ್ಟೆಯ ಒಳಗಿನದಾ? ಛೀ. ನೀನು ತಿಂದೆಯಾ?”

ಮಾತು ಬೆಳೆಸಲಿಲ್ಲ. ಆದರೆ ಫೋನ್ ಇಟ್ಟ ಮೇಲೆ ಲೆಕ್ಕ ಹಾಕಿದೆ. ನಾವು ಮರುವಾಯಿ ತಿನ್ನುತ್ತೇವೆ. ಹೊಳೆಯ ಕೆಸರಿನಿಂದ ಬಗೆದು ತಂದ ಚಿಪ್ಪು, ಅದರೊಳಗೆ ಒಂದು ಮೆತ್ತನೆಯ ಜೀವ. ಆ ಜೀವದಲ್ಲಿ ಮಾಂಸ ಯಾವುದು, ಹೊಟ್ಟೆ ಯಾವುದು, ಕರುಳು ಯಾವುದು ಎಂದು ಯಾರಾದರೂ ಬೇರ್ಪಡಿಸಿದ್ದನ್ನು ನಾನು ನೋಡಿಲ್ಲ. ಕಾಯಿ ಹುರಿದು ಹಾಕಿ ಪುಂಡಿ ಕಡುಬಿನ ಜೊತೆ ಇಡಿಯಾಗಿ ನುಂಗುತ್ತೇವೆ. ಎಟ್ಟಿಯ, ಅಂದರೆ ಸಿಗಡಿಯ, ತಲೆ ಚೀಪುತ್ತೇವೆ. ಬಂಗುಡೆಯ ಹೊಟ್ಟೆಯಲ್ಲಿ ಮೊಟ್ಟೆ ಸಿಕ್ಕಿದರೆ ಅದಕ್ಕೆ ಮಕ್ಕಳ ಜಗಳ. ಅಮ್ಮನ ‘ಛೀ’ಗೆ ಇದರಲ್ಲಿ ಯಾವುದೂ ಸಿಕ್ಕುವುದಿಲ್ಲ.

ಇನ್ನೊಂದು ನೆನಪಾಯಿತು. ಅಜ್ಜಿಯ ಮನೆಯಲ್ಲಿ ವರ್ಷಕ್ಕೊಮ್ಮೆ ಆಡು ಕಡಿಯುತ್ತಿದ್ದರು. ಒಳಗಿನದೆಲ್ಲ ಅಂಗಳದ ಕೆಲಸಕ್ಕೆ ಬರುತ್ತಿದ್ದವರಿಗೆ ಹೋಗುತ್ತಿತ್ತು. ಅವರು ಕೇಳಿದ್ದರೋ, ಅವರಿಗೆ ಇಷ್ಟವಿತ್ತೋ, ಯಾರೂ ವಿಚಾರಿಸಿದ್ದಿಲ್ಲ. ‘ಅದು ಅವರು ತಿನ್ನುವುದು’ ಎಂದಷ್ಟೇ ನಮಗೆ ಹೇಳಿದ್ದು. ಹಾಗೆ ಹೇಳಿದಾಗ ಹೇಸಿಗೆ ಆಡಿನ ಹೊಟ್ಟೆಯ ಮೇಲಿತ್ತೋ, ಅದನ್ನು ಒಯ್ಯುವ ಕೈಯ ಮೇಲಿತ್ತೋ? ನನಗೆ ಉತ್ತರ ಗೊತ್ತಿದೆ, ಅಮ್ಮನಿಗೂ ಗೊತ್ತಿದೆ.

15 ನವೆಂಬರ್, ಬುಧವಾರ

ಹತ್ತಿರದ ಗುಮಟಾಪುರದ ಗೋರೆಹಬ್ಬ. ಬಲಿಪಾಡ್ಯಮಿಯ ಮಾರನೇ ದಿನ ಬೀರೇಶ್ವರನ ಗುಡಿಯ ಹಿಂದೆ ಊರಿನ ಸಗಣಿಯನ್ನೆಲ್ಲ ರಾಶಿ ಹಾಕಿ ಗಂಡಸರು ಒಬ್ಬರಿಗೊಬ್ಬರು ಎರಚಿಕೊಳ್ಳುತ್ತಾರೆ. ಕ್ಯಾಮೆರಾದವರೇ ಊರಿನವರಿಗಿಂತ ಹೆಚ್ಚಿದ್ದರು. ಇವನ ದೊಡ್ಡಪ್ಪನ ಮಗ ಅಡಿಯಿಂದ ಮುಡಿಯವರೆಗೆ ಸಗಣಿಯಾಗಿ, ಸ್ನಾನ ಮಾಡಿ ಬಂದು ನನ್ನ ಪಕ್ಕ ಕೂತ. ಮಾತಿಗೆ ಮಾತು ಬಂದು ಫೋನಿನಲ್ಲಿದ್ದ ಏಡಿ ಸುಕ್ಕದ ಫೋಟೊ ತೋರಿಸಿದೆ. ಮುಖ ಕಿವುಚಿ, “ಅತ್ಗೆ, ಇದ್ನೆಲ್ಲ ಹೆಂಗ್ ತಿಂದೀರಿ?” ಎಂದ.

17 ಜನವರಿ 2024, ಬುಧವಾರ. ಸತ್ಯಮಂಗಲ

ಪೊಂಗಲ್‌ಗೆ ಅತ್ತೆಯ ತವರು. ನಿನ್ನೆ ಹಗಲಿರುವಾಗಲೇ ಘಾಟಿ ಇಳಿದೆವು. ದಿಂಬಂನ 27 ತಿರುವು ಇಳಿದರೆ ಬಣ್ಣಾರಿಯಮ್ಮನ ಗುಡಿ. ಇದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ನಡುವಿನ ದಾರಿ, ಕಾಡುಪ್ರಾಣಿಗಳು ಸತ್ತವೆಂದು 2022ರಿಂದ ರಾತ್ರಿ ಸಂಚಾರಕ್ಕೆ ತಡೆಯಿದೆ. ನಮ್ಮ ಕಾರಿನದು ಬೆಂಗಳೂರಿನ ನಂಬರ್, ತಡವಾದರೆ ಚೆಕ್‌ಪೋಸ್ಟ್‌ನಲ್ಲೇ ಮಲಗಬೇಕು.

ಮಾಟ್ಟು ಪೊಂಗಲ್ ಮುಗಿದ ಮಾರನೇ ದಿನ ಇವರಿಗೆ ಕರಿನಾಳ್, ಅಂದರೆ ಬಾಡೂಟದ ದಿನ. ಈ ಸಲ ತಲೆ ಸಿಕ್ಕಿತ್ತು. ಬೆಳಿಗ್ಗೆ ಹಿತ್ತಲಲ್ಲಿ ಬೆಂಕಿ ಹಾಕಿ ತಲೆ, ಕಾಲು ಸುಟ್ಟರು. ಕೂದಲು ಸೀದ ವಾಸನೆ ಬೀದಿಯ ತುದಿಗೂ ಹೋಗಿರಬೇಕು. ಸುಟ್ಟದ್ದನ್ನು ಚಾಕುವಿನಲ್ಲಿ ಹೆರೆದು, ಅರಿಸಿನ ಹಚ್ಚಿ ಮತ್ತೆ ಬೆಂಕಿಗೆ ಹಿಡಿದರು. ಹೀಗೆ ಮಾಡಿದರೆ ಚರ್ಮ ಬೆಂದಾಗ ಹೊಗೆಯ ರುಚಿ ಬರುತ್ತದೆ. ಅಂಗಡಿಯಲ್ಲಿ ಗ್ಯಾಸ್ ಬರ್ನರಿನಲ್ಲಿ ಸುಟ್ಟದ್ದಕ್ಕೆ ಅದು ಬರುವುದಿಲ್ಲವೆಂದು ಅತ್ತೆಯ ತಮ್ಮನ ವಾದ. ಸೌದೆಯವನ ಮಾತು ಎಂದು ಇವನು ನಕ್ಕ. ಅತ್ತೆಯ ಆ ತಮ್ಮನಿಗೆ ಸೌದೆ ಮಂಡಿ ಇದೆ.

ಇಲ್ಲಿ ಯಾವ ಅಂಗ ಯಾರ ಎಲೆಗೆ ಎಂಬುದು ಬಡಿಸುವವರಿಗೆ ಬಾಯಿಪಾಠ. ಮಿದುಳು ಮಕ್ಕಳಿಗೆ ಮತ್ತು ಮನೆಗೆ ಬಂದ ‘ಮಾಪ್ಳೆ’ಗೆ, ಅಂದರೆ ಅಳಿಯನಿಗೆ. ಕಾಲಿನ ಸೂಪು ಮಂಡಿನೋವಿನ ಹಿರಿಯರಿಗೆ. ಸುವರೊಟ್ಟಿ, ಅಂದರೆ ಗುಲ್ಮ, ಬಾಣಂತಿಯರಿಗೆ ಮತ್ತು ಬಿಳಚಿಕೊಂಡ ಹೆಣ್ಣುಮಕ್ಕಳಿಗೆ. ನನ್ನನ್ನು ನೋಡುತ್ತಲೇ ಅತ್ತೆಯ ನಾದಿನಿ ತೀರ್ಮಾನಿಸಿದರು, ಈ ಹುಡುಗಿಗೆ ರಕ್ತ ಇಲ್ಲ. ಅಂಗೈಯಗಲದ ಕಪ್ಪುಗೆಂಪು ತುಂಡು, ಮೆಣಸು, ಚಿಕ್ಕ ಈರುಳ್ಳಿ ಹಾಕಿ ಕಾವಲಿಯ ಮೇಲೆ ಬಾಡಿಸಿದ್ದು, ನನಗೊಬ್ಬಳಿಗೇ ಬಂತು. ಅವರ ವೈದ್ಯ ತಪ್ಪೇನಲ್ಲ. ಗುಲ್ಮದಲ್ಲಿ ಲಿವರಿಗಿಂತಲೂ ಹೆಚ್ಚು ಕಬ್ಬಿಣಾಂಶವಿರುತ್ತದೆ, ಮಾಂಸದ ಕಬ್ಬಿಣ ಸೊಪ್ಪಿನದಕ್ಕಿಂತ ಸುಲಭವಾಗಿ ಮೈಗೆ ಹತ್ತುತ್ತದೆ. ಆ ತುಂಡು ಲಿವರಿಗಿಂತ ಮೆತ್ತಗೆ, ಸ್ವಲ್ಪ ಅಂಟು. ಮೆಣಸಿನ ಖಾರದಲ್ಲಿ ಹೋಯಿತು. ಹತ್ತು ಜನ ಹೆಂಗಸರು ನಿಂತು ನೋಡುತ್ತಿರುವಾಗ ಹೇಗೂ ಹೋಗಲೇಬೇಕಿತ್ತು.

ಆಮೇಲೆ ಮಿದುಳು. “ಸಾಪ್ಡುಂಗೊ ಮಾಪ್ಳೆ” ಎಂದು ಇವನಿಗೆ ಬಡಿಸಿದವರು, ಅಳಿಯನಿಗೆ ಕೊಟ್ಟು ಸೊಸೆಗೆ ಬಿಟ್ಟರೆ ಚೆನ್ನಾಗಿರುವುದಿಲ್ಲವೆಂದು ನನಗೂ ಒಂದು ಚಮಚ ಹಾಕಿದರು. ಮೊಟ್ಟೆಯ ಪಲ್ಯದ ಬಣ್ಣ. ನಾಲಿಗೆಯ ಮೇಲೆ ಇಟ್ಟೆ, ಅಗಿಯುವಂಥದ್ದು ಏನೂ ಇರಲಿಲ್ಲ, ತಾನಾಗಿ ಕರಗಿ ಹರಡಿತು. ಅದೇ ತೊಂದರೆ. ಬೋಟಿ ಹಲ್ಲಿಗೆ ಎದುರು ನಿಲ್ಲುತ್ತದೆ, ಅಗಿದು ಗೆಲ್ಲಬಹುದು. ಇದು ಎದುರು ನಿಲ್ಲುವುದೇ ಇಲ್ಲ. ಉಳಿದದ್ದನ್ನು ಇವನ ಎಲೆಗೆ ದಾಟಿಸಿದೆ. ‘ಗಂಡನ ಮೇಲೆ ಎಷ್ಟು ಪ್ರೀತಿ’ ಎಂದು ಅತ್ತೆಯ ನಾದಿನಿ ತಮಿಳಿನಲ್ಲಿ ಹೊಗಳಿದರು. ತಿದ್ದಲು ಹೋಗಲಿಲ್ಲ.

18 ಫೆಬ್ರುವರಿ, ಭಾನುವಾರ. ಬೆಂಗಳೂರು

ಬೋಟಿ ತಿನ್ನಬೇಕೆನ್ನಿಸಿತು. ಇದನ್ನು ಬರೆದಿಡಬೇಕು, ಯಾಕೆಂದರೆ ಯಾರೂ ಬಡಿಸದೆ, ಯಾರೂ ನೋಡದೆ ಅನ್ನಿಸಿದ್ದು. ಇವನು ಒಂದು ಮಿಲಿಟರಿ ಹೋಟೆಲಿಗೆ ಕರೆದುಕೊಂಡು ಹೋದ. ಮುದ್ದೆ, ಬೋಟಿ ಗೊಜ್ಜು. ಖಾರ ಜಾಸ್ತಿ, ಬೋಟಿ ತೊಳೆದದ್ದು ಕಡಿಮೆ. ಅತ್ತೆಯ ಕೈಯ ಬೋಟಿಗೆ ಆ ವಾಸನೆ ಇರುವುದಿಲ್ಲ.

ಮನೆಗೆ ಬಂದು ಸ್ವಲ್ಪ ಓದಿದೆ. ಸ್ಕಾಟ್ಲೆಂಡಿನವರ ಹ್ಯಾಗಿಸ್ ಎಂದರೆ ಕುರಿಯ ಗುಂಡಿಗೆ, ಲಿವರ್, ಶ್ವಾಸಕೋಶವನ್ನು ಓಟ್ಸ್ ಜೊತೆ ಕಲಸಿ ಅದರದೇ ಹೊಟ್ಟೆಯಲ್ಲಿ ತುಂಬಿ ಬೇಯಿಸುವುದು. ಅಲ್ಲಿ ಅದು ರಾಷ್ಟ್ರೀಯ ಭಕ್ಷ್ಯ. ರೋಮಿನ ಟೆಸ್ಟಾಚ್ಚೊ ಕೇರಿಯ ಕಸಾಯಿಖಾನೆಯಲ್ಲಿ ಕೆಲಸಗಾರರಿಗೆ ಕೂಲಿಯ ಒಂದು ಭಾಗವಾಗಿ ಒಳಗಿನದನ್ನೇ ಕೊಡುತ್ತಿದ್ದರಂತೆ. ಒಳ್ಳೆಯ ತುಂಡುಗಳು ಒಡೆಯರಿಗೆ, ಪಾದ್ರಿಗಳಿಗೆ, ಸೈನಿಕರಿಗೆ ಹೋದ ಮೇಲೆ ಉಳಿದದ್ದು. ಇವತ್ತು ಅದೇ ಅಡುಗೆಗೆ ಪ್ರವಾಸಿಗರು ಸಾಲು ನಿಲ್ಲುತ್ತಾರೆ. ದೂರ ಯಾಕೆ, ಊರಿನಲ್ಲಿ ನಮ್ಮ ಪಕ್ಕದ ಮನೆಯ ಕೊಂಕಣಿ ಕ್ರಿಶ್ಚಿಯನ್ನರು ಹಂದಿಯ ಗುಂಡಿಗೆ, ಲಿವರ್ ಹಾಕಿ ಕಾಳೀಜ್ ಆಂಕಿತಿ ಮಾಡುತ್ತಿದ್ದರು. ಕ್ರಿಸ್‌ಮಸ್‌ಗೆ ನಮಗೆ ಕುಸ್ವಾರ್ ತಿಂಡಿ ಮಾತ್ರ ಕಳಿಸುತ್ತಿದ್ದರು. ಕಳಿಸದೆ ಇದ್ದದ್ದು ಯಾಕೆಂದು ಈಗ ಗೊತ್ತಾಗುತ್ತದೆ, ನಮ್ಮ ಮುಖ ಅವರು ನೋಡಿದ್ದರು.

9 ಏಪ್ರಿಲ್, ಮಂಗಳವಾರ. ಯುಗಾದಿ

ತಾಳವಾಡಿಗೆ ಬರುವಾಗ ಗಡಿಯ ಚೆಕ್‌ಪೋಸ್ಟ್‌ನಲ್ಲಿ ಚುನಾವಣೆಯ ತಪಾಸಣೆ. ತಮಿಳುನಾಡಿನಲ್ಲಿ 19ಕ್ಕೆ ಮತದಾನ, ಚಾಮರಾಜನಗರದಲ್ಲಿ 26ಕ್ಕೆ. ಹಣ ಹುಡುಕಲು ಡಿಕ್ಕಿ ತೆಗೆಸಿದವರಿಗೆ ಸಿಕ್ಕಿದ್ದು ಐಸ್ ಪೆಟ್ಟಿಗೆ, ಅದರೊಳಗೆ ಮರುವಾಯಿ. ನನ್ನ ತಮ್ಮ ಉಡುಪಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ತಂದು ಕೊಟ್ಟಿದ್ದ. ‘ಇದು ಕಲ್ಲಾ?’ ಎಂದು ಒಬ್ಬರು ಕೇಳಿದರು. ತಿನ್ನುವುದು ಎಂದೆ. ನಂಬಲಿಲ್ಲ, ಬಿಟ್ಟರು.

ಬೇವುಬೆಲ್ಲ, ಹೋಳಿಗೆ. ಹಬ್ಬದ ದಿನ ಮರುವಾಯಿ ಬೇಡವೆಂದು ಪೆಟ್ಟಿಗೆ ಹಿತ್ತಲಿನಲ್ಲಿ.

10 ಏಪ್ರಿಲ್, ಬುಧವಾರ. ಹೊಸತೊಡಕು

ಇವತ್ತು ಹೊಸತೊಡಕು, ಅಂದರೆ ಯುಗಾದಿಯ ಮಾರನೇ ದಿನದ ಬಾಡೂಟ, ನಾಳೆ ರಂಜಾನ್. ಆಡಿಗೆ ಎಲ್ಲಿಲ್ಲದ ಬೇಡಿಕೆ. ಮಾವ ಮತ್ತು ನೆರೆಹೊರೆಯವರು ಹಣ ಸೇರಿಸಿ ತಿಂಗಳ ಮೊದಲೇ ಎರಡು ಆಡು ಹಿಡಿದಿಟ್ಟಿದ್ದರು. ಗುಡ್ಡೆ ಬಾಡು ಹಾಕುವುದನ್ನು ಹತ್ತಿರದಿಂದ ನೋಡಿದೆ. ಬಾಳೆಲೆ ಹಾಸಿ ಮನೆಗೊಂದು ಗುಡ್ಡೆ. ತೊಡೆ, ಪಕ್ಕೆ ಮಾತ್ರವಲ್ಲ, ಲಿವರನ್ನೂ ಗುಂಡಿಗೆಯನ್ನೂ ಮನೆಗಳ ಲೆಕ್ಕಕ್ಕೆ ಸರಿಯಾಗಿ ಕೊಯ್ದು ಪ್ರತಿ ಗುಡ್ಡೆಗೂ ಇಡುತ್ತಾರೆ. ಒಂದು ಗುಡ್ಡೆಯಿಂದ ಉಗುರಿನಷ್ಟು ತೆಗೆದು ಇನ್ನೊಂದಕ್ಕೆ ಹಾಕುತ್ತಾ ಬಹಳ ಹೊತ್ತು ಕೂತಿದ್ದರು. ಒಳಗಿನದೂ ಎಲ್ಲರದು, ಹೊರಗಿನದೂ ಎಲ್ಲರದು. ಹಣ ಸೇರಿಸಿದ ಎಲ್ಲರದು, ಅಷ್ಟೇ. ಗುಡ್ಡೆಯ ಸುತ್ತ ಕೂತವರು ಒಂದೇ ಬೀದಿಯವರು ಎಂಬುದೂ ಕಾಣುತ್ತಿತ್ತು.

ಗುಡ್ಡೆಯ ಬೋಟಿ ಸಾಲದೆಂದು ಅತ್ತೆ ಬೇರೆಯಾಗಿ ಒಂದಿಡೀ ಬೋಟಿ ತರಿಸಿದ್ದರು. ನಾನೂ ತೊಳೆಯುತ್ತೇನೆ ಎಂದೆ. ಅತ್ತೆ ನನ್ನ ಬಟ್ಟೆ ನೋಡಿ, ತಮ್ಮ ಹಳೆಯ ಸೀರೆ ಕೊಟ್ಟರು.

ಹಿತ್ತಲಿನ ಬಟ್ಟೆಕಲ್ಲಿನ ಹತ್ತಿರ ಕೂತೆವು. ದೊಡ್ಡ ಹೊಟ್ಟೆಯನ್ನು ಸೀಳಿದಾಗ ಒಳಗೆ ಅರ್ಧ ಅರೆದ ಹುಲ್ಲು, ಹಸಿರು, ಇನ್ನೂ ಬಿಸಿ. ವಾಸನೆ ಕೊಳೆತದ್ದಲ್ಲ, ಹುಳಿ ಬಂದ ಹುಲ್ಲಿನದು. ಅದನ್ನೆಲ್ಲ ತಿಪ್ಪೆಗೆ ಸುರಿದೆವು. ಆಮೇಲೆ ಬಿಸಿನೀರು. ಇಲ್ಲಿಯೇ ಅತ್ತೆಯ ವಿದ್ಯೆ ಇರುವುದು. ನೀರು ಕುದಿಯುತ್ತಿದ್ದರೆ ಒಳಪೊರೆ ಬಿಗಿದುಕೊಂಡು ಬಿಡುವುದೇ ಇಲ್ಲ. ಬೆಚ್ಚಗಿದ್ದರೂ ಬಿಡುವುದಿಲ್ಲ. ಬೆರಳು ಅದ್ದಿ ಪಟ್ಟನೆ ತೆಗೆಯುವಷ್ಟು ಕಾದಾಗ ಮುಳುಗಿಸಿ, ಅತ್ತೆ ಉಗುರಿನಿಂದ ಒಂದು ಮೂಲೆ ಕೆರೆದು ನೋಡಿದರು. ಕಪ್ಪು ಪೊರೆ ಎದ್ದಿತು. ಆಗ ತೆಗೆದು ಕಲ್ಲಿನ ಮೇಲೆ ಹರಡಿ ಚಾಕುವಿನ ಬೆನ್ನಿನಿಂದ ಎಳೆದರು. ಪೊರೆ ಸುರುಳಿಯಾಗಿ ಬಂತು, ಕೆಳಗೆ ಬೆಳ್ಳಗೆ ಹೊಳೆಯಿತು. ನಾನು ಎಳೆದಾಗ ಹರಿದು ಹರಿದು ಬಂತು. ಮೆಲುಕು ಹಾಕುವ ಪ್ರಾಣಿಗೆ ಹೊಟ್ಟೆಯಲ್ಲಿ ನಾಲ್ಕು ಕೋಣೆ ಎಂದು ಶಾಲೆಯಲ್ಲಿ ಓದಿದ್ದೆ. ನಾಲ್ಕಕ್ಕೂ ನಾಲ್ಕು ಬಗೆಯ ಒಳಮೈ, ನಾಲ್ಕು ಬಗೆಯ ಕೆಲಸ. ಹಾಳೆಹಾಳೆಯಾಗಿರುವ ಕೋಣೆಯಲ್ಲಿ ಪ್ರತಿ ಹಾಳೆ ಬಿಡಿಸಿ ತೊಳೆಯಬೇಕು. ಕರುಳನ್ನು ಹಂಚಿಕಡ್ಡಿಗೆ ಏರಿಸಿ ಒಳಗು ಹೊರಗು ಮಾಡಿ, ಕಲ್ಲುಪ್ಪು, ಅರಿಸಿನ ಹಾಕಿ ತಿಕ್ಕಬೇಕು. ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ.

ಕೆಲಸ ಮುಗಿದಾಗ ಸೊಂಟ ಬಿದ್ದಿತ್ತು. ಗಂಡಸರು ಯಾರೂ ಆ ಕಡೆ ಸುಳಿಯಲಿಲ್ಲ. ಬೋಟಿಯ ರುಚಿಯ ಬಗ್ಗೆ ಈ ಮನೆಯಲ್ಲಿ ಅತಿ ಹೆಚ್ಚು ಮಾತಾಡುವವರು ಅವರೇ. ‘ನಿಮ್ಮ ಮಗನಿಗೆ ಯಾಕೆ ಕಲಿಸಲಿಲ್ಲ ಅತ್ತೆ?’ ಎಂದೆ. “ಅವ್ನ್ ತೊಳ್ದ್ರೆ ನೀ ತಿಂದೀಯಾ?” ಎಂದರು. ಸರಿಯಾದ ಪ್ರಶ್ನೆ.

ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಕಡಲೆಬೇಳೆ ಹಾಕಿ, ಹುರಿದು ರುಬ್ಬಿದ ಮಸಾಲೆಯಲ್ಲಿ ಕುದಿಸಿದರು. ಮುದ್ದೆಯ ಜೊತೆ ಉಂಡೆ. ಕೊಳವೆ ಒಂದನ್ನೂ ಎಲೆಯ ತುದಿಗೆ ತಳ್ಳಲಿಲ್ಲ. ಯಾವ ತುಂಡನ್ನು ನೋಡಿದರೂ ಅದು ಹೊಟ್ಟೆಯ ಯಾವ ಕೋಣೆ, ಅದಕ್ಕೆ ಎಷ್ಟು ನೀರು ಹೋಯಿತು ಎಂಬುದು ಕಣ್ಣ ಮುಂದಿತ್ತು. ಕೈ ತೊಳೆದದ್ದಕ್ಕೆ ಬಾಯಿ ಹೇಸಲಿಲ್ಲ. ನವೆಂಬರಿನಲ್ಲಿ ಕಷ್ಟವಾದದ್ದು ಆ ಕೊಳವೆಯಲ್ಲ, ಅದು ಅಡುಗೆಮನೆಗೆ ಹೇಗೆ ಬಂತೆಂಬುದು ನನಗೆ ತಿಳಿಯದೆ ಇದ್ದದ್ದು.

ಮಾವನಿಗೆ ಯೂರಿಕ್ ಆಸಿಡ್ ಜಾಸ್ತಿ, ಹೆಬ್ಬೆರಳು ಊದುತ್ತದೆ. ಡಾಕ್ಟರು ಬೋಟಿ, ಲಿವರ್ ಮುಟ್ಟಬಾರದೆಂದಿದ್ದಾರೆ, ಒಳಗಿನ ಅಂಗಗಳಲ್ಲಿ ಪ್ಯೂರಿನ್ ಹೆಚ್ಚು. “ನಾ ಬೋಟಿ ತಿನ್ನಕಿಲ್ಲ ಕೂಸು, ಒಸಿ ಸಾರು ಅಷ್ಟೇಯ” ಎಂದು ಎರಡು ಸಲ ಹಾಕಿಸಿಕೊಂಡರು. ಬೇಯಿಸಿದಾಗ ಪ್ಯೂರಿನ್ ಸಾರಿಗೇ ಇಳಿಯುತ್ತದೆಂದು ನಾನು ಹೇಳಿದೆ. ಹಬ್ಬದ ದಿನ ಇಂಥ ಮಾತಾಡಬಾರದು ಎಂದರು.

11 ಏಪ್ರಿಲ್, ಗುರುವಾರ

ಮಧ್ಯಾಹ್ನ ಮರುವಾಯಿ ಮಾಡಿದೆ. ಚಿಪ್ಪು ಬಿಡಿಸುವಾಗ ಅತ್ತೆ ಪಕ್ಕದಲ್ಲಿ ನಿಂತಿದ್ದರು. ಒಂದನ್ನು ಎತ್ತಿ ಬೆಳಕಿಗೆ ಹಿಡಿದು, “ಇದ್ರ ಹೊಟ್ಟೆ ಎಲ್ಲದ?” ಎಂದರು. ತೋರಿಸಿದೆ. “ಇದ್ನ ತೊಳೆಯೋದು ಹೆಂಗೆ?”

“ತೊಳೆಯುವುದಿಲ್ಲ ಅತ್ತೆ. ಉಪ್ಪುನೀರಿನಲ್ಲಿಟ್ಟರೆ ಮರಳು ತಾನೇ ಉಗುಳುತ್ತದೆ.”

“ಮರಳು ಉಗುಳ್ತದೆ ಸರಿ. ಮಿಕ್ಕಿದ್ದು?”

ಮಿಕ್ಕಿದ್ದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಅತ್ತೆ ಚಿಪ್ಪನ್ನು ಮೆಲ್ಲಗೆ ಪಾತ್ರೆಗೆ ಹಾಕಿ ಕೈ ತೊಳೆದುಕೊಂಡರು. ಊಟಕ್ಕೆ ಕೂತಾಗ ತಮಗೆ ಮೊಸರನ್ನ ಸಾಕೆಂದರು. ಮಾವ ಚೆನ್ನಾಗಿ ತಿಂದರು. ಇವನು ಮೊದಲಿಂದಲೂ ತಿನ್ನುತ್ತಾನೆ. ದೊಡ್ಡಪ್ಪನ ಮಗ ಬಂದವನು ಚಿಪ್ಪಿನ ರಾಶಿ ನೋಡಿ ಬಾಗಿಲಲ್ಲೇ ನಿಂತ.

ನನ್ನ ತೀರ್ಪು ಬರೆದಿಡುತ್ತೇನೆ, ಮುಂದಿನ ಹಬ್ಬಕ್ಕೆ ಗೊಂದಲ ಬೇಡ. ಬೋಟಿ, ತೊಳೆದವರು ಗೊತ್ತಿದ್ದರೆ ಎಷ್ಟು ಬೇಕಾದರೂ. ರಕ್ತ, ಇಡ್ಲಿಯ ಜೊತೆ ಒಂದು ಸೌಟು. ಸುವರೊಟ್ಟಿ ಔಷಧಿಯ ಲೆಕ್ಕದಲ್ಲಿ. ತಲೆಮಾಂಸ ಎಲ್ಲಕ್ಕಿಂತ ಮೇಲು, ಸೌದೆಯ ಬೆಂಕಿಯಲ್ಲಿ ಸುಟ್ಟದ್ದಾದರೆ. ಮಿದುಳು ಬೇಡ, ಅದನ್ನು ಇನ್ನು ಮುಂದೆ ಗಂಡನ ಎಲೆಗೆ ದಾಟಿಸದೆ ಬಾಯಿಬಿಟ್ಟು ಬೇಡ ಎನ್ನುವುದು. ಅತ್ತೆಯೂ ಹಾಗೇ ಮಾಡಿದರು. ಮರುವಾಯಿ ಈ ಮನೆಗೆ ತರಬಹುದು, ತಮ್ಮ ಪಾತ್ರೆಯಲ್ಲಿ ಬೇಯಿಸಲೂಬಹುದು, ಆದರೆ ತಾವು ಅದನ್ನು ತಿನ್ನುವುದಿಲ್ಲ ಎಂದಿದ್ದಾರೆ.